ಕೈಯಿಂದ ಕೈಗೆ ದಾಟಿದ ಕಾದಂಬರಿ: ಗ್ರಾಮೀಣ ಧಾರವಾಡದ ಓದಿನ ಗೆಳೆತನ ಮತ್ತು ಸಾಹಿತ್ಯ ಚರಿತ್ರೆಯ ಮೌನ

1

ಕನ್ನಡ ಸಾಹಿತ್ಯ ಚರಿತ್ರೆಯು ಇದುವರೆಗೂ ಮುಖ್ಯವಾಗಿ ಬರೆದವರ ಚರಿತ್ರೆಯಾಗಿಯೇ ಉಳಿದಿದೆ. ಕವಿ, ಕೃತಿ, ಕಾಲ, ಆಶ್ರಯ, ಪಂಥ, ಚಳವಳಿ ಎಂಬ ಪರಿಕಲ್ಪನೆಗಳ ಸುತ್ತ ಅದು ಕಟ್ಟಿಕೊಂಡಿರುವ ಸೌಧ ದೊಡ್ಡದು. ಅದರ ಹಿಂದಿನ ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಸೌಧದಲ್ಲಿ ಓದಿದವರಿಗೆ ಒಂದು ಕೋಣೆಯೂ ಇಲ್ಲ. 'ಓದುಗ ವರ್ಗ', 'ಅಭಿರುಚಿ', 'ಜನಪ್ರಿಯತೆ' ಎಂಬ ಮಾತುಗಳು ಅಲ್ಲಲ್ಲಿ ಬಂದರೂ ಅವು ಊರು, ವಯಸ್ಸು, ಲಿಂಗ, ಜಾತಿಗಳಿಲ್ಲದ ಒಂದು ಅಮೂರ್ತ ಸಮೂಹವನ್ನು ಸೂಚಿಸುತ್ತವೆಯೇ ಹೊರತು, ಪುಸ್ತಕವನ್ನು ನಿಜವಾಗಿ ಕೈಯಲ್ಲಿ ಹಿಡಿದ ಮನುಷ್ಯರನ್ನಲ್ಲ.

ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗದ ಸಂದರ್ಭದಲ್ಲಿ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಅಣ್ಣಿಗೇರಿಯು ಪಂಪನ ತಾಯಿಯ ಕಡೆಯವರ ಊರೆಂಬುದನ್ನು ಕುರಿಕ್ಯಾಲದ ಶಾಸನದ ಆಧಾರದಿಂದ ವಿದ್ವಾಂಸರು ಗುರುತಿಸಿದ್ದಾರೆ. ಕೋಳಿವಾಡದೊಂದಿಗೆ ಕುಮಾರವ್ಯಾಸನ ಹೆಸರು ಬೆಸೆದುಕೊಂಡಿದೆ. ಕುಂದಗೋಳವನ್ನು ಸವಾಯಿ ಗಂಧರ್ವರ ಸಂಗೀತದಿಂದ, ನವಲಗುಂದವನ್ನು ಜಮಖಾನೆಯಿಂದಲೂ 1980ರ ರೈತ ಬಂಡಾಯದಿಂದಲೂ, ಕಲಘಟಗಿಯನ್ನು ಬಣ್ಣದ ತೊಟ್ಟಿಲಿನಿಂದ ನಾಡು ಬಲ್ಲದು. ಆದರೆ ಈ ಊರುಗಳ ಮನೆಗಳಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಾರು ಯಾವ ಕಾದಂಬರಿಯನ್ನು ಓದಿದರು, ಓದಿ ಯಾರ ಕೈಗೆ ಕೊಟ್ಟರು, ಕೊಡುವಾಗ ಏನು ಹೇಳಿದರು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ.

ಈ ಪ್ರಶ್ನೆಗಳು ಕ್ಷುಲ್ಲಕವಲ್ಲ. ಈ ಊರುಗಳಲ್ಲಿ ಕಾದಂಬರಿಯ ಓದು ಬರಿಯ ಏಕಾಂತದ ಹವ್ಯಾಸವಾಗಿರಲಿಲ್ಲ. ಅದು ಗೆಳೆತನದ ಒಂದು ಕೊಡುಕೊಳ್ಳುವಿಕೆಯಾಗಿತ್ತು. ಪ್ರಣಯ ಕಾದಂಬರಿ, ಪತ್ತೇದಾರಿ ಕಾದಂಬರಿ, ಅಭಿಜಾತ ಕೃತಿ ಎಂದು ವಿಮರ್ಶೆ ಬೇರೆ ಬೇರೆಯಾಗಿ ಜೋಡಿಸಿಟ್ಟ ಪುಸ್ತಕಗಳು ಅಲ್ಲಿ ಒಂದೇ ಕೈಚೀಲದಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದವು. ಆ ಕೈಚೀಲವನ್ನು ಹೊತ್ತ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಅದರೊಂದಿಗೆ ಕನ್ನಡದ ಓದಿನ ಚರಿತ್ರೆಯ ಒಂದು ಮುಖ್ಯ ಅಧ್ಯಾಯವೂ ದಾಖಲೆಯಿಲ್ಲದೆ ಅಳಿಸಿಹೋಗುವ ಸ್ಥಿತಿಯಲ್ಲಿದೆ.

2

ಗೆಳೆತನ ಮತ್ತು ಸಾಹಿತ್ಯದ ನಂಟು ಈ ಪ್ರದೇಶದ ಸಾಹಿತ್ಯ ಚರಿತ್ರೆಗೆ ಅಪರಿಚಿತವೇನಲ್ಲ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ರೂಪುಗೊಂಡ 'ಗೆಳೆಯರ ಗುಂಪು' ಕನ್ನಡ ನವೋದಯದ ಒಂದು ಕೇಂದ್ರವಾಗಿತ್ತೆಂಬುದನ್ನು ಎಲ್ಲ ಸಾಹಿತ್ಯ ಚರಿತ್ರೆಗಳೂ ಒಪ್ಪುತ್ತವೆ. ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮ ಮೊದಲಾದವರ ಬೆಳವಣಿಗೆಯನ್ನು ಆ ಗುಂಪಿನ ಓದು, ಚರ್ಚೆಗಳಿಂದ ಬೇರ್ಪಡಿಸಿ ನೋಡಲಾಗದು. ವಿಜಯಪುರ ಜಿಲ್ಲೆಯ ಹಲಸಂಗಿಯಂಥ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಸಂಗಡಿಗರು ಕಟ್ಟಿಕೊಂಡ ಗೆಳೆಯರ ಬಳಗವು ಓದನ್ನೇ ಉಸಿರಾಗಿಸಿಕೊಂಡ ಇನ್ನೊಂದು ಮಾದರಿ. 1931ರಲ್ಲಿ ಬಂದ 'ಗರತಿಯ ಹಾಡು' ಸಂಕಲನವು ಆ ಬಳಗದ ಕೊಡುಗೆ.

ಪ್ರಕಾಶನದ ಕ್ಷೇತ್ರದಲ್ಲಿಯೂ ಇದೇ ತತ್ವ ಕೆಲಸ ಮಾಡಿತು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ನಿಂತ ಸಂಸ್ಥೆ. ಒಂದು ಊರಿನಲ್ಲಿ ಒಬ್ಬ ಶಾಲಾ ಮಾಸ್ತರನೋ ವಕೀಲನೋ ಚಂದಾದಾರನಾದರೆ ಆತನ ಪುಸ್ತಕ ಆತನೊಬ್ಬನದಾಗಿ ಉಳಿಯುವುದು ಅಪರೂಪ. ಹೀಗಾಗಿ ಚಂದಾದಾರರ ಪಟ್ಟಿಯಿಂದ ಓದುಗರ ಸಂಖ್ಯೆಯನ್ನು ಅಳೆಯಲಾಗದು. ಪಟ್ಟಿಯಲ್ಲಿ ಇರುವುದು ಹಣ ಕೊಟ್ಟವನ ಹೆಸರು. ಓದಿದ ಆತನ ಹೆಂಡತಿ, ತಂಗಿ, ಪಕ್ಕದ ಮನೆಯವರು, ಸಹೋದ್ಯೋಗಿಗಳು ಅದರಲ್ಲಿ ಇಲ್ಲ.

ಇಲ್ಲಿ ಒಂದು ಅಸಮತೋಲನ ಗೋಚರಿಸುತ್ತದೆ. ಧಾರವಾಡದ ಗೆಳೆಯರೂ ಹಲಸಂಗಿಯ ಗೆಳೆಯರೂ ಚರಿತ್ರೆಗೆ ಸೇರಿದ್ದು ಅವರು ಕೂಡಿ ಓದಿದ್ದರಿಂದಲ್ಲ, ಓದಿದ ಮೇಲೆ ಬರೆದದ್ದರಿಂದ. ಕೂಡಿ ಓದಿಯೂ ಬರೆಯದೆ ಉಳಿದ ಗೆಳೆಯರಿಗೆ, ಅದಕ್ಕಿಂತ ಹೆಚ್ಚಾಗಿ ಗೆಳತಿಯರಿಗೆ, ಅಂಥ ಪ್ರವೇಶ ದೊರೆಯಲಿಲ್ಲ. ಬರೆದ ಗೆಳೆಯರು ಚರಿತ್ರೆಯಾದರು. ಓದಿದ ಗೆಳತಿಯರು 'ಓದುಗ ವರ್ಗ'ವಾದರು.

3

ಹಳ್ಳಿಯ ಮನೆಗೆ ಕಾದಂಬರಿ ತಲುಪಿದ ದಾರಿಯನ್ನು ಗಮನಿಸಬೇಕು. ಕಾದಂಬರಿ ಬರುವ ಮೊದಲೇ ಈ ಪ್ರದೇಶದಲ್ಲಿ ಸಾಮೂಹಿಕ ಓದಿನ ಗಟ್ಟಿಯಾದ ಪರಂಪರೆಯಿತ್ತು. ಶ್ರಾವಣ ಮಾಸದಲ್ಲಿ ಮಠ, ಗುಡಿಗಳಲ್ಲಿ ಪುರಾಣ ಹಚ್ಚಿಸುವ ರೂಢಿ ಇಂದಿಗೂ ಜೀವಂತವಾಗಿದೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಊರು ಕೇಳುತ್ತದೆ. ಅಕ್ಷರ ಬಲ್ಲವನೊಬ್ಬನಿದ್ದರೆ ಇಡೀ ಓಣಿಗೆ ಗ್ರಂಥ ದಕ್ಕುತ್ತಿತ್ತು. ಓದು ಹಂಚಿಕೊಳ್ಳಬೇಕಾದ ವಸ್ತು ಎಂಬ ತಿಳಿವಳಿಕೆ ಕಾದಂಬರಿಗಿಂತ ಹಳೆಯದು. ಮುದ್ರಿತ ಕಾದಂಬರಿ ಬಂದಾಗ ಈ ತಿಳಿವಳಿಕೆಯೇ ರೂಪ ಬದಲಿಸಿತು: ಒಂದು ಧ್ವನಿ, ಹಲವು ಕಿವಿಗಳ ಜಾಗದಲ್ಲಿ ಒಂದು ಪ್ರತಿ, ಹಲವು ಕೈಗಳು ಬಂದವು.

ಈ ಬದಲಾವಣೆಯ ಮೊದಲ ಘಟ್ಟದಲ್ಲಿ ಗಳಗನಾಥರು ನಿಲ್ಲುತ್ತಾರೆ. ವೆಂಕಟೇಶ ತಿರಕೋ ಕುಲಕರ್ಣಿ (1869–1942) ಎಂಬ ಈ ಶಾಲಾ ಮಾಸ್ತರರು ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವತಂತ್ರ ಕಾದಂಬರಿಗಳನ್ನು ಬರೆದರು, 'ಸದ್ಬೋಧ ಚಂದ್ರಿಕೆ'ಯ ಮೂಲಕ ಮನೆಮನೆಗೆ ಓದನ್ನು ಮುಟ್ಟಿಸಿದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಅವರ ಸಾಹಸವನ್ನು ಚರಿತ್ರೆಕಾರರು ಲೇಖಕನ ನಿಷ್ಠೆಯ ನಿದರ್ಶನವೆಂದು ಕೊಂಡಾಡುತ್ತಾರೆ. ಅದೇ ಸಂಗತಿಯನ್ನು ಇನ್ನೊಂದು ಬದಿಯಿಂದಲೂ ನೋಡಬಹುದು. ಮಾರುವವನು ಬಾಗಿಲಿಗೆ ಬಂದಾಗ ಕೊಂಡುಕೊಂಡವರು ಯಾರು? ರಾಜಕೀಯವಾಗಿಯೂ ಈ ಪ್ರದೇಶ ಒಂದಾಗಿರಲಿಲ್ಲ. ನವಲಗುಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ ಕುಂದಗೋಳ 1948ರವರೆಗೆ ಜಮಖಂಡಿ ಸಂಸ್ಥಾನದ ಭಾಗವಾಗಿತ್ತು. ಆಡಳಿತದ ಗೆರೆಗಳು ಬೇರೆಯಾಗಿದ್ದ ಕಾಲದಲ್ಲಿ ಕನ್ನಡ ಕಾದಂಬರಿ ಆ ಗೆರೆಗಳನ್ನು ಮನ್ನಿಸದೆ ದಾಟಿತು.

ಏಕೀಕರಣದ ನಂತರದ ದಶಕಗಳಲ್ಲಿ ಕಾದಂಬರಿಯ ಮುಖ್ಯ ವಾಹನ ವಾರಪತ್ರಿಕೆ ಮತ್ತು ಮಾಸಪತ್ರಿಕೆಯಾಯಿತು. 'ಕರ್ಮವೀರ', 'ಪ್ರಜಾಮತ', 1965ರಲ್ಲಿ ಆರಂಭವಾದ 'ಸುಧಾ', 1983ರಲ್ಲಿ ಬಂದ 'ತರಂಗ' – ಇವುಗಳ ಧಾರಾವಾಹಿಗಳು ವಾರದ ಲಯವನ್ನೇ ನಿರ್ಧರಿಸಿದವು. ಧಾರಾವಾಹಿಯ ಪುಟಗಳನ್ನು ವಾರವಾರವೂ ಕತ್ತರಿಸಿ ತೆಗೆದು, ಮುಗಿದ ಮೇಲೆ ದಾರದಿಂದ ಹೊಲಿದು, ಕಂದು ಹಾಳೆಯ ಹೊದಿಕೆ ಹಾಕಿ ಪುಸ್ತಕವಾಗಿಸುವ ರೂಢಿ ಆ ಕಾಲದ ಮನೆಗಳಿಗೆ ಚಿರಪರಿಚಿತ. ಮುದ್ರಣಾಲಯದಿಂದ ಬಾರದ, ಯಾವ ಗ್ರಂಥಸೂಚಿಗೂ ಸೇರದ ಈ ಪುಸ್ತಕಗಳು ಓದುಗರೇ ಪ್ರಕಟಿಸಿದ ಆವೃತ್ತಿಗಳು. ಅವುಗಳ ಮೊದಲ ಹಾಳೆಯ ಮೇಲೆ ಹೊಲಿದವಳ ಹೆಸರಿರುತ್ತಿತ್ತು, ಲೇಖಕಿಯ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ.

ಅಭಿಜಾತ ಕೃತಿಗಳು ಬಂದ ದಾರಿಯೂ ಇದಕ್ಕೆ ಸಮೀಪದ್ದೇ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ 'ಕಸ್ತೂರಿ' ಮಾಸಪತ್ರಿಕೆ ಪಾ.ವೆಂ. ಆಚಾರ್ಯರ ಸಂಪಾದಕತ್ವದಲ್ಲಿ ತನ್ನ ಪುಸ್ತಕ ವಿಭಾಗದ ಮೂಲಕ ಹೊರಗಿನ ಕೃತಿಗಳ ಸಂಗ್ರಹರೂಪವನ್ನು ಕನ್ನಡದ ಮನೆಗಳಿಗೆ ಒದಗಿಸಿತು. ಇಂಗ್ಲಿಷು ಬಾರದ ಹಳ್ಳಿಯ ಓದುಗರಿಗೆ ಪಶ್ಚಿಮದ ಕಾದಂಬರಿ ಪರಿಚಯವಾದದ್ದು ತರಗತಿಯಲ್ಲಿ ಅಲ್ಲ, ಇಂಥ ಪುಟಗಳಲ್ಲಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ನಂತರ ತಾಲೂಕು ಕೇಂದ್ರಗಳಲ್ಲಿಯೂ ಮುಂದೆ ಪಂಚಾಯತಿ ಮಟ್ಟದಲ್ಲಿಯೂ ಗ್ರಂಥಾಲಯಗಳು ತೆರೆದವು. ಆದರೆ ಗ್ರಂಥಾಲಯದ ಕಟ್ಟೆಯ ಮೇಲೆ ವೃತ್ತಪತ್ರಿಕೆ ಓದುತ್ತ ಕುಳಿತ ಗಂಡಸರನ್ನು ದಾಟಿ ಒಳಗೆ ಹೋಗಿ ಪುಸ್ತಕ ಆಯುವುದು ಮನೆಯ ಹೆಣ್ಣುಮಕ್ಕಳಿಗೆ ಸುಲಭವಾಗಿರಲಿಲ್ಲ. ಅಣ್ಣನ ಕೈಯಲ್ಲೋ ಶಾಲೆಗೆ ಹೋಗುವ ಹುಡುಗನ ಕೈಯಲ್ಲೋ ಚೀಟಿ ಕೊಟ್ಟು ತರಿಸಬೇಕಾಗುತ್ತಿತ್ತು. ಹೀಗೆ ಬಂದ ಒಂದು ಪುಸ್ತಕ ಹದಿನೈದು ದಿನಗಳ ಗಡುವಿನೊಳಗೆ ನಾಲ್ಕು ಮನೆ ಸುತ್ತಿ ಮರಳುತ್ತಿದ್ದರೆ, ಗ್ರಂಥಾಲಯದ ದಾಖಲೆಯಲ್ಲಿ ಉಳಿಯುತ್ತಿದ್ದುದು ಒಂದೇ ಹೆಸರು. ಅದೂ ಆ ಪುಸ್ತಕವನ್ನು ಓದದ ಹುಡುಗನ ಹೆಸರು.

4

ಈ ಹಂಚಿಕೆ ಬರಿಯ ಸಾಗಾಟವಾಗಿರಲಿಲ್ಲ. ಅದರೊಳಗೆ ಆಯ್ಕೆ, ಶಿಫಾರಸು, ತೀರ್ಮಾನ, ತಕರಾರು ಎಲ್ಲವೂ ಇದ್ದವು. "ವೈನಿ, ಓದಿ ಮುಗೀತೇನ್ರಿ? ಹೆಂಗೈತಿ?" ಎಂಬ ಪ್ರಶ್ನೆಯೊಂದಿಗೆ ಪುಸ್ತಕವೊಂದು ಕೈ ಬದಲಾಯಿಸುವಾಗ ನಡೆಯುವ ಎರಡು ನಿಮಿಷದ ಮಾತಿನಲ್ಲಿ ವಿಮರ್ಶೆಯ ಎಲ್ಲ ಮೂಲ ಕ್ರಿಯೆಗಳೂ ಇವೆ. ಕೊಡುವವಳು ಮೌಲ್ಯಮಾಪನ ಮಾಡುತ್ತಾಳೆ. ಇದು ನಿನಗೆ ಹಿಡಿಸೀತು ಎನ್ನುವಾಗ ಓದುಗಳ ಸ್ವಭಾವವನ್ನು ಅಳೆಯುತ್ತಾಳೆ. ಇದನ್ನು ಮೊದಲು ಓದು, ಅದನ್ನು ಆಮೇಲೆ ಎನ್ನುವಾಗ ಒಂದು ಪಠ್ಯಕ್ರಮವನ್ನೇ ಕಟ್ಟುತ್ತಾಳೆ. ಭಾರತೀಯ ಕಾವ್ಯಮೀಮಾಂಸೆ ಸಹೃದಯನನ್ನು ಸಾಮಾನ್ಯವಾಗಿ ಏಕವಚನದಲ್ಲಿ ಕಲ್ಪಿಸಿಕೊಂಡಿತು. ಹಳ್ಳಿಯ ಪಡಸಾಲೆಯಲ್ಲಿ ಸಹೃದಯತೆ ಬಹುವಚನದಲ್ಲಿತ್ತು. ಸಮಾನ ಹೃದಯ ಎಂಬ ಮಾತಿನ ಅರ್ಥ ಅಲ್ಲಿ ಕವಿಗೂ ಓದುಗಳಿಗೂ ನಡುವಿನದು ಮಾತ್ರವಲ್ಲ, ಓದುಗಳಿಗೂ ಓದುಗಳಿಗೂ ನಡುವಿನದಾಗಿತ್ತು.

ಪ್ರಕಾರಭೇದವನ್ನು ಈ ಓದು ಹೇಗೆ ನಿರ್ವಹಿಸಿತು ಎಂಬುದು ಗಮನಾರ್ಹ. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ, ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳೊಂದಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ ಟಿ.ಕೆ. ರಾಮರಾಯರ ರಹಸ್ಯಕಥೆಗಳೂ ಕಾರಂತ, ಅ.ನ.ಕೃ., ತ.ರಾ.ಸು. ಅವರ ಕೃತಿಗಳೂ ಒಂದೇ ಸುತ್ತಿನಲ್ಲಿ ಸಂಚರಿಸಿದವು. ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ನರಸಿಂಹಯ್ಯನವರಿಗೆ ಸಾಹಿತ್ಯ ಚರಿತ್ರೆಗಳು ಕೊಟ್ಟ ಜಾಗ ಒಂದೆರಡು ವಾಕ್ಯಗಳನ್ನು ಮೀರುವುದಿಲ್ಲ. ಆದರೆ ಹೊಸದಾಗಿ ಅಕ್ಷರ ಕಲಿತವರಿಗೆ ಒಂದು ಇಡೀ ಪುಸ್ತಕವನ್ನು ಮುಗಿಸುವ ಧೈರ್ಯವನ್ನು ಕೊಟ್ಟದ್ದು ಅಂಥ ಕಿರುಗಾತ್ರದ, ಮುಂದೇನು ಎಂದು ಎಳೆದೊಯ್ಯುವ ಪುಸ್ತಕಗಳು. ಪತ್ತೇದಾರಿ ಕಾದಂಬರಿಯ ಕೊನೆಯ ಹಾಳೆಗಳು ಹರಿದುಹೋಗಿರುವುದು ಹಂಚಿಕೆಯ ಓದಿನ ಒಂದು ಸಾಮಾನ್ಯ ಸಂಕಟ. ಆಗ ಕೊಲೆಗಾರ ಯಾರೆಂಬುದನ್ನು ಮೊದಲು ಓದಿದವರ ಬಾಯಿಂದಲೇ ಕೇಳಬೇಕು. ಕೃತಿಯ ಅಂತ್ಯ ಪುಸ್ತಕದಲ್ಲಿ ಇರದೆ ಗೆಳತಿಯ ನೆನಪಿನಲ್ಲಿ ಇರುವ ಈ ಸ್ಥಿತಿ, ಕೃತಿ ಎಂಬುದು ಎಲ್ಲಿದೆ ಎಂಬ ಸೈದ್ಧಾಂತಿಕ ಪ್ರಶ್ನೆಯನ್ನು ಅತ್ಯಂತ ಸರಳವಾಗಿ ಮುಂದಿಡುತ್ತದೆ.

ಅಭಿಜಾತ ಮತ್ತು ಜನಪ್ರಿಯ ಎಂಬ ಗೋಡೆಯೂ ಈ ಓದಿನಲ್ಲಿ ಅಷ್ಟು ಎತ್ತರವಾಗಿರಲಿಲ್ಲ. ಜೇನ್ ಆಸ್ಟಿನ್‌ಳ ಪ್ರಸಿದ್ಧ ಕಾದಂಬರಿ ದೇ. ಜವರೇಗೌಡರ ಅನುವಾದದಲ್ಲಿ 'ಹಮ್ಮುಬಿಮ್ಮು' ಆಗಿ ಬಂದಾಗ ಅದು ಇಂಗ್ಲಿಷ್ ಸಾಹಿತ್ಯದ ಅಭಿಜಾತ ಕೃತಿಯೆಂದು ಪರಿಗಣಿತವಾಯಿತು. ಮದುವೆಗೆ ಬಂದ ಹೆಣ್ಣುಮಕ್ಕಳು, ವರದ ಆದಾಯ, ತಾಯಿಯ ಆತಂಕ, ಮೊದಲು ಬಿಗುಮಾನ ನಂತರ ಒಲವು ಎಂಬ ಅದರ ವಸ್ತು ಮಾತ್ರ ಪ್ರಣಯ ಕಾದಂಬರಿಗಳ ಓದುಗರಿಗೆ ಹೊಸದಾಗಿರಲಿಲ್ಲ. ದಸ್ತೊಯೆವ್‌ಸ್ಕಿಯ ಮಹಾಕೃತಿಯೊಂದರ ನಡುವೆಯೇ ಒಂದು ಕೊಲೆಯ ತನಿಖೆಯಿದೆ. ಪ್ರಕಾರಗಳ ಬೇರುಗಳು ಹೆಣೆದುಕೊಂಡಿರುವುದನ್ನು ವಿಮರ್ಶೆ ವಾದದಿಂದ ಸಾಧಿಸಬೇಕು. ಕೈಗೆ ಬಂದುದನ್ನೆಲ್ಲ ಓದಿದವರಿಗೆ ಅದು ಅನುಭವದಿಂದ ತಿಳಿದಿತ್ತು.

ಭಾಷೆಯ ನೆಲೆಯಲ್ಲಿ ಈ ಓದಿನ ಫಲ ಇನ್ನೂ ಆಳವಾದುದು. ಎರೆನೆಲದ ನವಲಗುಂದ, ಅಣ್ಣಿಗೇರಿಗಳಲ್ಲಿ ಹತ್ತಿ, ಮೆಣಸಿನಕಾಯಿಗಳ ನಡುವೆ ಬೆಳೆದ ಹುಡುಗಿ ಎಂ.ಕೆ. ಇಂದಿರಾ ಅವರ ಕಾದಂಬರಿಯಲ್ಲಿ ಮಲೆನಾಡಿನ ಜಡಿಮಳೆಯನ್ನೂ ಅಡಕೆ ತೋಟವನ್ನೂ ಕಂಡಳು. ತ್ರಿವೇಣಿಯವರಲ್ಲಿ ಮೈಸೂರಿನ ಬೀದಿಗಳನ್ನೂ ಅಲ್ಲಿನ ಮಧ್ಯಮ ವರ್ಗದ ಮಾತಿನ ವರಸೆಯನ್ನೂ ಕಲಿತಳು. ಮನೆಯಲ್ಲಿ ಧಾರವಾಡದ ಕನ್ನಡ, ಪುಸ್ತಕದಲ್ಲಿ ಮೈಸೂರು ಸೀಮೆಯ ಕನ್ನಡ ಎಂಬ ಈ ದ್ವಿಭಾಷಿಕತೆ ಉತ್ತರ ಕರ್ನಾಟಕದ ಓದುಗರ ವಿಶಿಷ್ಟ ಅನುಭವ. 1956ರಲ್ಲಿ ಕಾಗದದ ಮೇಲೆ ಒಂದಾದ ಕರ್ನಾಟಕವನ್ನು ಮನಸ್ಸಿನಲ್ಲಿ ಒಂದಾಗಿಸಿದ ಶಕ್ತಿಗಳಲ್ಲಿ ಕಾದಂಬರಿಯ ಓದೂ ಒಂದು ಎನ್ನಲು ಅಡ್ಡಿಯಿಲ್ಲ. ಈ ಒಂದಾಗುವಿಕೆ ಒಮ್ಮುಖವಾಗಿತ್ತೇ ಎಂಬ ಪ್ರಶ್ನೆಯೂ ಜೊತೆಗೇ ಏಳುತ್ತದೆ. ರಾವಬಹಾದ್ದೂರರ 'ಗ್ರಾಮಾಯಣ' (1957) ಉತ್ತರ ಕರ್ನಾಟಕದ ಹಳ್ಳಿಯನ್ನು ಅದರ ಮಾತಿನ ಸಮೇತ ಕಾದಂಬರಿಗೆ ತಂದಿತು. ತಮ್ಮದೇ ಮಾತನ್ನು ಮುದ್ರಣದಲ್ಲಿ ಕಂಡ ಇಲ್ಲಿನ ಓದುಗರಿಗೆ ಏನನ್ನಿಸಿತು, ತುಂಗೆಯ ತೀರದ ಕಥೆಗಿಂತ ಅದು ಹತ್ತಿರವಾಯಿತೇ ಅಥವಾ ಪರಿಚಿತವಾದುದರಿಂದಲೇ ಸಪ್ಪೆಯೆನಿಸಿತೇ? ಉತ್ತರ ಊಹಿಸುವುದು ಸುಲಭ; ಓದಿದವರನ್ನು ಕೇಳಿ ತಿಳಿಯುವುದೇ ಸಂಶೋಧನೆ.

5

ಈ ವಾದಕ್ಕೆ ಎರಡು ಗಂಭೀರ ಆಕ್ಷೇಪಗಳಿವೆ. ಅವನ್ನು ತಳ್ಳಿಹಾಕದೆ ಎದುರಿಸಬೇಕು.

ಮೊದಲನೆಯದು, ಜನಪ್ರಿಯ ಪ್ರಣಯ ಕಾದಂಬರಿಗಳು ಹೆಣ್ಣನ್ನು ತ್ಯಾಗ, ಸಹನೆ, ವಿವಾಹಗಳ ಚೌಕಟ್ಟಿನೊಳಗೇ ಮರಳಿ ಕೂರಿಸುತ್ತವೆ ಎಂಬುದು. ಆಕ್ಷೇಪದಲ್ಲಿ ಸತ್ಯವಿದೆ. 1980ರ ದಶಕದಿಂದ ಸ್ತ್ರೀವಾದಿ ವಿಮರ್ಶೆ ಈ ಬಗೆಯ ಮಾದರಿಗಳನ್ನು ಪ್ರಶ್ನಿಸಿದ್ದು ಸರಿಯಾಗಿಯೇ ಇದೆ. ಅದಕ್ಕೂ ಮೊದಲು ಗಂಡು ವಿಮರ್ಶೆ ಬಳಸಿದ 'ಅಡುಗೆಮನೆ ಸಾಹಿತ್ಯ' ಎಂಬ ತಿರಸ್ಕಾರದ ಮಾತಿಗೂ ಸ್ತ್ರೀವಾದಿಗಳ ಪ್ರಶ್ನೆಗೂ ಇರುವ ಅಂತರವನ್ನು ಮರೆಯಬಾರದು. ಆದರೆ ಕೃತಿಯ ಆಶಯವೇ ಓದಿನ ಪರಿಣಾಮ ಎಂದು ತಿಳಿಯುವುದು ದುಡುಕಾಗುತ್ತದೆ. ಜಾನಿಸ್ ರ‍್ಯಾಡ್‌ವೇ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಒಂದು ಊರಿನ ಪ್ರಣಯ ಕಾದಂಬರಿಗಳ ಓದುಗಿತ್ತಿಯರನ್ನು ನೇರವಾಗಿ ಮಾತನಾಡಿಸಿದಳು. ಪುಸ್ತಕದಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬಳ ಶಿಫಾರಸಿನ ಸುತ್ತ ಸೇರಿದ್ದ ಆ ಗೃಹಿಣಿಯರಿಗೆ ಕಥೆಗಿಂತಲೂ ಓದುವ ಕ್ರಿಯೆಯೇ ಮುಖ್ಯವಾಗಿತ್ತು. ಮನೆಯವರೆಲ್ಲರ ಬೇಡಿಕೆಗಳ ನಡುವೆ ತಮಗಾಗಿ ಕಾದಿರಿಸಿಕೊಂಡ ಹೊತ್ತು ಅದಾಗಿತ್ತು. ಒಲೆಯ ಕೆಲಸ ಮುಗಿದ ಮೇಲೆ ಕಂದೀಲಿನ ಬೆಳಕಿನಲ್ಲಿ, ಕೌದಿಯ ಮರೆಯಲ್ಲಿ ಓದಿದವರ ಮಟ್ಟಿಗೂ ಇದು ನಿಜವಿರಬಹುದು. ಅಲ್ಲದೆ ಇಲ್ಲಿ ಓದಿನ ನಂತರದ ಮಾತುಕತೆಯೂ ಇತ್ತು. 'ಶರಪಂಜರ'ದ ಕಾವೇರಿಯ ಪಾಡನ್ನು ಓದಿ ಮುಗಿಸಿದ ಇಬ್ಬರು ಗೆಳತಿಯರು ಬಾಣಂತಿಯ ಮನೋವ್ಯಾಧಿಯ ಬಗ್ಗೆ, ಗಂಡನ ನಡತೆಯ ಬಗ್ಗೆ, ತಮ್ಮ ಓಣಿಯಲ್ಲಿ 'ಗಾಳಿ ಸೋಕಿದೆ' ಎಂದು ಬದಿಗೆ ಸರಿಸಲ್ಪಟ್ಟ ಹೆಣ್ಣೊಬ್ಬಳ ಬಗ್ಗೆ ಮಾತನಾಡಲು ಕಾದಂಬರಿ ಒಂದು ನೆಪ ಒದಗಿಸಿತು. ಸ್ವಂತದ ಮಾತನ್ನು ಪಾತ್ರದ ಹೆಸರಿನಲ್ಲಿ ಆಡುವ ಈ ಅವಕಾಶವನ್ನು ಕೃತಿಯೊಂದನ್ನೇ ಎದುರಿಗಿಟ್ಟುಕೊಂಡು ಅಳೆಯಲಾಗದು.

ಎರಡನೆಯ ಆಕ್ಷೇಪ ಇನ್ನೂ ಕಠಿಣವಾದುದು. ಈ ಗೆಳೆತನದ ವರ್ತುಲಕ್ಕೆ ಯಾರು ಸೇರಿದ್ದರು, ಯಾರು ಸೇರಿರಲಿಲ್ಲ? ಅಕ್ಷರ, ಬಿಡುವು, ಚಂದಾ ಕಟ್ಟುವ ಶಕ್ತಿ ಇವೆಲ್ಲ ಜಾತಿ, ವರ್ಗಗಳ ಮೂಲಕ ಹಂಚಿಕೆಯಾದ ಸಮಾಜದಲ್ಲಿ ಪುಸ್ತಕದ ಹಂಚಿಕೆ ಅವುಗಳನ್ನು ಮೀರಿತ್ತು ಎಂದು ಭಾವಿಸುವುದು ಭ್ರಮೆ. ಕುಲಕರ್ಣಿಯರ ಮನೆಯಿಂದ, ಮಾಸ್ತರರ ಮನೆಯಿಂದ ಹೊರಟ ಪುಸ್ತಕ ಯಾವ ಓಣಿಯ ತನಕ ಹೋಯಿತು, ಎಲ್ಲಿ ನಿಂತಿತು? ದಲಿತ ಕೇರಿಯ ಮೊದಲ ತಲೆಮಾರಿನ ಅಕ್ಷರಸ್ಥರಿಗೆ ಪುಸ್ತಕ ಯಾರ ಮೂಲಕ ದಕ್ಕಿತು: ಶಾಲೆಯ ಗೆಳೆಯನಿಂದಲೋ, ಸರಕಾರಿ ವಸತಿನಿಲಯದಿಂದಲೋ, ರದ್ದಿ ಅಂಗಡಿಯ ತೂಕದ ಕಟ್ಟಿನಿಂದಲೋ? ನವಲಗುಂದದಲ್ಲಿ ಜಮಖಾನೆ ನೇಯುವ ಮುಸ್ಲಿಂ ಹೆಣ್ಣುಮಕ್ಕಳ ಮನೆಗಳಲ್ಲಿ ಕನ್ನಡದ ಓದು ಯಾವ ಬಗೆಯದಾಗಿತ್ತು? ಓದಿನ ಚರಿತ್ರೆಯನ್ನು ಬರೆಯುವುದೆಂದರೆ ಗೆಳೆತನವನ್ನು ಹಾಡಿ ಹೊಗಳುವುದಲ್ಲ. ಅದರ ಎಲ್ಲೆಗಳನ್ನೂ ಗುರುತಿಸುವುದು. ಪುಸ್ತಕವೊಂದು ಎಲ್ಲಿ ನಿಂತಿತು ಎಂಬುದು ಎಲ್ಲಿಗೆ ತಲುಪಿತು ಎಂಬುದರಷ್ಟೇ ಮಹತ್ವದ ಸಂಗತಿ.

ಈ ಎರಡೂ ಆಕ್ಷೇಪಗಳು ಅಧ್ಯಯನದ ಅಗತ್ಯವನ್ನು ಹೆಚ್ಚಿಸುತ್ತವೆಯೇ ಹೊರತು ಕಡಿಮೆ ಮಾಡುವುದಿಲ್ಲ.

6

ಹಾಗಾದರೆ ಈ ಅಧ್ಯಯನ ಇದುವರೆಗೆ ಏಕೆ ನಡೆಯಲಿಲ್ಲ? ಕನ್ನಡ ವಿಭಾಗಗಳ ಸಂಶೋಧಕರು ಹಳ್ಳಿಗಳಿಗೆ ಹೋಗಲೇ ಇಲ್ಲವೆಂದು ಹೇಳುವಂತಿಲ್ಲ. ಜಾನಪದ ಅಧ್ಯಯನ ಪ್ರಬಲವಾದ ದಶಕಗಳಲ್ಲಿ ಅವರು ಇದೇ ಊರುಗಳ ಇದೇ ಮನೆಗಳ ಪಡಸಾಲೆಯಲ್ಲಿ ಕುಳಿತು ಬೀಸುವ ಪದ, ಸೋಬಾನೆ, ಪಂಚಮಿಯ ಹಾಡುಗಳನ್ನು ಬರೆದುಕೊಂಡರು. ಕಸೂತಿಯ ಗೋಪುರ, ತೇರು, ನವಿಲುಗಳ ವಿನ್ಯಾಸಗಳನ್ನು ದಾಖಲಿಸಿದರು. ಆ ಕೆಲಸ ಬೆಲೆಯುಳ್ಳದ್ದು. ಆದರೆ ಕಸೂತಿಯ ಸೀರೆಯಿದ್ದ ಟ್ರಂಕಿನ ತಳದಲ್ಲಿ ಹೊಲಿದ ಧಾರಾವಾಹಿಯೂ ಇದ್ದಿರಬಹುದೆಂಬುದು ಸಂಶೋಧಕನಿಗೆ ಹೊಳೆಯಲಿಲ್ಲ. ಆತ ಹುಡುಕುತ್ತಿದ್ದುದು 'ಜನಪದ' ಹೆಣ್ಣನ್ನು. ಕಾದಂಬರಿ ಓದುವ ಹೆಣ್ಣು ಆ ಚಿತ್ರಕ್ಕೆ ಹೊಂದುತ್ತಿರಲಿಲ್ಲ. ಇತ್ತ ಆಧುನಿಕ ಸಾಹಿತ್ಯದ ಸಂಶೋಧಕನಿಗೆ ಆಕೆ ಓದಿದ ಪುಸ್ತಕಗಳು ಅಧ್ಯಯನಯೋಗ್ಯವಾಗಿರಲಿಲ್ಲ. ಹೀಗೆ ಜಾನಪದಕ್ಕೆ ಆಕೆ ಹೆಚ್ಚು ಅಕ್ಷರಸ್ಥಳಾದಳು, ಸಾಹಿತ್ಯಕ್ಕೆ ಕಡಿಮೆ ಅಭಿರುಚಿಯವಳಾದಳು. ಎರಡು ಜ್ಞಾನಶಿಸ್ತುಗಳ ನಡುವಿನ ಓಣಿಯಲ್ಲಿ ಆಕೆಯ ಓದು ಕಳೆದುಹೋಯಿತು. 'ಕವಿರಾಜಮಾರ್ಗ'ವು ವಿಧಿವತ್ತಾಗಿ ಓದದಿದ್ದರೂ ಕಾವ್ಯದ ಮರ್ಮ ಬಲ್ಲ ಕನ್ನಡಿಗರನ್ನು ಹೊಗಳಿತೆಂದು ತರಗತಿಗಳಲ್ಲಿ ಹೆಮ್ಮೆಯಿಂದ ಪಾಠ ಹೇಳಲಾಗುತ್ತದೆ. ಅದು ಹೆಸರಿಸಿದ ತಿರುಳ್ಗನ್ನಡ ನಾಡಿನ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಕುಂದಗೋಳದ ನೆರೆಯಲ್ಲಿಯೇ ಇದೆ. ಒಂಬತ್ತನೆಯ ಶತಮಾನದ ಜನರಿಗೆ ಸಲ್ಲಿಸುವ ಆ ಗೌರವವನ್ನು ಇಪ್ಪತ್ತನೆಯ ಶತಮಾನದ ಓದುಗಿತ್ತಿಗೆ ಸಲ್ಲಿಸಲು ವಿದ್ವತ್ ಲೋಕ ಹಿಂಜರಿದದ್ದು ವಿಚಿತ್ರ.

ಇಂಥ ಅಧ್ಯಯನ ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಪ್ರಿಯಾ ಜೋಶಿ 2002ರ ತಮ್ಮ ಗ್ರಂಥದಲ್ಲಿ ವಸಾಹತು ಕಾಲದ ಗ್ರಂಥಾಲಯ ಮತ್ತು ಪ್ರಕಾಶನ ದಾಖಲೆಗಳನ್ನು ಪರಿಶೀಲಿಸಿ, ಭಾರತೀಯ ಓದುಗರು ಇಂಗ್ಲಿಷ್ ವಿಮರ್ಶೆ ಮನ್ನಿಸಿದ ಕಾದಂಬರಿಕಾರರಿಗಿಂತ ರೆನಾಲ್ಡ್ಸ್‌ನಂಥ ರೋಚಕ ಕಥೆಗಾರನನ್ನು ಹೆಚ್ಚು ಮೆಚ್ಚಿದರೆಂಬುದನ್ನು ತೋರಿಸಿದರು. ಅಭಿರುಚಿಯನ್ನು ತೀರ್ಮಾನಿಸುವ ಮೊದಲು ದಾಖಲೆಯನ್ನು ನೋಡಬೇಕೆಂಬುದು ಅದರಿಂದ ಕಲಿಯಬಹುದಾದ ಪಾಠ. ಗ್ರಾಮೀಣ ಧಾರವಾಡದ ಮಟ್ಟಿಗೆ ದಾಖಲೆಗಳು ಚದುರಿವೆ: ಪ್ರಕಾಶಕರ ಚಂದಾದಾರರ ಪಟ್ಟಿಗಳು, ಪತ್ರಿಕೆಗಳಿಗೆ ಬಂದ ಓದುಗರ ಓಲೆಗಳು, ಗ್ರಂಥಾಲಯಗಳ ಎರವಲು ವಹಿಗಳು, ಮನೆಗಳಲ್ಲಿ ಉಳಿದ ಹೊಲಿದ ಧಾರಾವಾಹಿಗಳು ಮತ್ತು ಅವುಗಳ ಅಂಚಿನ ಬರಹಗಳು, ಎಲ್ಲಕ್ಕಿಂತ ಮಿಗಿಲಾಗಿ ನೆನಪುಗಳು. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ನಂತರ ಮಕ್ಕಳಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಬಂದಿತು, ಗ್ರಂಥಾಲಯಗಳು ಅರಿವು ಕೇಂದ್ರಗಳಾದವು. ಇದು ಸ್ವಾಗತಾರ್ಹ ಬೆಳವಣಿಗೆ. ಆದರೆ ಕಟ್ಟಡ ಹೊಸದಾಗುವಾಗ ಮೊದಲು ಹೊರಬೀಳುವುದು ಹಳೆಯ ವಹಿಗಳು ಮತ್ತು ಹರಿದ ಕಾದಂಬರಿಗಳು ಎಂಬ ಎಚ್ಚರವೂ ಇರಬೇಕು.

ಈ ಪ್ರದೇಶದ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ದುಬಾರಿಯದಲ್ಲ. ಒಬ್ಬ ಲೇಖಕನ ಸಮಗ್ರ ಸಾಹಿತ್ಯದ ಮೇಲೆ ಮತ್ತೊಂದು 'ಒಂದು ಅಧ್ಯಯನ' ಬರೆಯುವ ಬದಲು, ಒಂದು ಊರಿನ ಐವತ್ತು ವರ್ಷಗಳ ಓದಿನ ಮೇಲೆ ಒಂದು ಮಹಾಪ್ರಬಂಧವನ್ನು ಯೋಜಿಸಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆಂದು ಊರಿಗೆ ಹೋದಾಗ ಅಜ್ಜಿಯನ್ನು ಹಾಡು ಕೇಳುವುದರ ಜೊತೆಗೆ, "ಅಜ್ಜಿ, ಏನೇನು ಓದೀರಿ, ಯಾರ ಕಡೆಯಿಂದ ತರಿಸಿ ಓದತಿದ್ರಿ?" ಎಂದೂ ಕೇಳಬಹುದು. ಪ್ರಶ್ನಾವಳಿಯಲ್ಲಿ ಒಂದು ಸಾಲು ಹೆಚ್ಚಾದರೆ ಸಾಕು. ಹಾಗೆ ಕೇಳುವಾಗ ಓದಿದವರ ಒಪ್ಪಿಗೆ ಪಡೆಯುವ, ಬಯಸಿದರೆ ಹೆಸರು ಮರೆಮಾಡುವ ಸೌಜನ್ಯವೂ ಬೇಕು. ಕದ್ದು ಓದಿದ್ದನ್ನು ಒಪ್ಪಿಕೊಳ್ಳಲು ಎಪ್ಪತ್ತರ ವಯಸ್ಸಿನಲ್ಲಿಯೂ ಕೆಲವರು ಹಿಂಜರಿಯಬಹುದು.

ಇಂದಿನ ಓದು ಬೇರೆ ದಾರಿ ಹಿಡಿದಿದೆ. ಪ್ರಣಯದ, ರಹಸ್ಯದ ಧಾರಾವಾಹಿಗಳನ್ನು ಅದೇ ಊರುಗಳ ಯುವತಿಯರು 'ಪ್ರತಿಲಿಪಿ'ಯಂಥ ವೇದಿಕೆಗಳಲ್ಲಿ ಮೊಬೈಲಿನ ಪರದೆಯ ಮೇಲೆ ಓದಬಲ್ಲರು. ಓದಿನ ಹಸಿವು ಸತ್ತಿಲ್ಲ. ಆದರೆ ಪರದೆಯ ಮೇಲಿನ ಕಥೆಯನ್ನು ಗೆಳತಿಗೆ ಕೊಡಲು ಆಕೆಯ ಮನೆಗೆ ಹೋಗಬೇಕಿಲ್ಲ, ಮರಳಿ ಪಡೆಯಲು ಇನ್ನೊಮ್ಮೆ ಹೋಗಬೇಕಿಲ್ಲ. ಕೊಟ್ಟದ್ದು ಮರಳಿ ಬರಬೇಕೆಂಬ ನಿಯಮದಿಂದಲೇ ಹಳೆಯ ಓದು ಎರಡು ಭೇಟಿಗಳನ್ನೂ ಅವುಗಳ ನಡುವಿನ ಮಾತನ್ನೂ ಸೃಷ್ಟಿಸಿತ್ತು. ಹೊಸ ಓದು ಆ ಮಾತಿಗೆ ಯಾವ ರೂಪ ಕೊಟ್ಟಿದೆ ಎಂದು ತಿಳಿಯಬೇಕಾದರೂ ಹಳೆಯ ಓದಿನ ಚಿತ್ರ ಮೊದಲು ಕೈಯಲ್ಲಿರಬೇಕು.

ಪಂಪನ ಊರಾದ ಅಣ್ಣಿಗೇರಿಗೆ ವಿದ್ವಾಂಸರು ಒಂದು ಶಾಸನದ ಕೆಲವು ಸಾಲುಗಳನ್ನು ಹಿಡಿದು ಸಾವಿರ ವರ್ಷ ಹಿಂದಕ್ಕೆ ನಡೆದು ಹೋಗಿ ಒಂದು ಕುಟುಂಬದ ಸಂಬಂಧಗಳನ್ನು ಬಿಡಿಸಿದರು. ಅದೇ ಊರಿನಲ್ಲಿ ಐವತ್ತು ವರ್ಷಗಳ ಹಿಂದೆ ಓದಿ ಹಂಚಿದ ಪುಸ್ತಕಗಳ ಸಾಕ್ಷಿಗಳು ಇನ್ನೂ ಬಾಯಿ ಬಿಟ್ಟು ಮಾತನಾಡಬಲ್ಲರು. ಅವರಿಗೆ ಶಾಸನ ಹಾಕಿಸುವ ರೂಢಿಯಿಲ್ಲ. ಕೇಳಿದರೆ ಹೇಳಿಯಾರು, ಕೇಳಬೇಕಾದ ಕಾಲ ಮಾತ್ರ ಹೆಚ್ಚು ಉಳಿದಿಲ್ಲ.